ನೈರೋಬಿಯ ಅಡುಗೆಮನೆ, ಮಕುವೇನಿಯ ತೊಗರಿ



ನನಗೆ ಕೊಟ್ಟ ವಿಷಯ ‘ಹೊರದೇಶದಲ್ಲಿ ಗ್ರಾಮೀಣಾಭಿವೃದ್ಧಿಯ ಕೆಲಸ: ಅನುಭವ ಮತ್ತು ಪಾಠಗಳು’. ಪಾಠಗಳನ್ನು ಈಗಾಗಲೇ ಬೇರೆ ಕಡೆ ಬರೆದು ಮುಗಿಸಿದ್ದೇನೆ. ಎರಡು ವರದಿ, ಎರಡು ಸಂಶೋಧನ ಪ್ರಬಂಧ; ಅವುಗಳಲ್ಲಿ ಕೋಷ್ಟಕಗಳಿವೆ, ಶಿಫಾರಸುಗಳಿವೆ. ಅವು ಸುಳ್ಳೆಂದು ಹೇಳಲಾರೆ. ಆದರೆ ಅವುಗಳಲ್ಲಿ ಎಲ್ಲಿಯೂ ಕಾಣಿಸದ ಜಾಗವೊಂದಿದೆ. ಅದು ನೈರೋಬಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಅಡುಗೆಮನೆ. ಇವತ್ತು ಅದರ ಬಗ್ಗೆ ಮಾತಾಡುತ್ತೇನೆ. ಇಲ್ಲಿ ಕುಳಿತಿರುವ ನಾವೆಲ್ಲ ನಮ್ಮನ್ನು ಪ್ರಗತಿಪರರೆಂದು ಕರೆದುಕೊಳ್ಳುವವರು. ನಿಮ್ಮೆದುರು ಹೇಳದಿದ್ದರೆ ಇದನ್ನು ಇನ್ನೆಲ್ಲೂ ಹೇಳಲಾರೆ.

2016ರ ಅಕ್ಟೋಬರಿನಿಂದ ಎರಡು ವರ್ಷ ನಾನು ಕೀನ್ಯಾದಲ್ಲಿದ್ದೆ. ನೆದರ್ಲೆಂಡ್ಸಿನಲ್ಲಿ ಪಿಎಚ್.ಡಿ. ಮುಗಿಸಿ ವಿಶ್ವವಿದ್ಯಾಲಯದ ಕೆಲಸಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಒಂದು ಅಂತರರಾಷ್ಟ್ರೀಯ ಸಂಸ್ಥೆಯ ನೀರಿನ ಯೋಜನೆಗೆ ನನ್ನನ್ನು ನಿಯೋಜನೆಯ ಮೇಲೆ ಕಳಿಸಿದರು. ಕಚೇರಿ ನೈರೋಬಿಯಲ್ಲಿ, ಕ್ಷೇತ್ರಕಾರ್ಯ ಮಕುವೇನಿ ಕೌಂಟಿಯಲ್ಲಿ. ಮೊಂಬಾಸಾ ಹೆದ್ದಾರಿ ಹಿಡಿದು ಆಗ್ನೇಯಕ್ಕೆ ಹೋದರೆ ಸಿಗುವ ಒಣಭೂಮಿ ಅದು. ಕಂಬಾ ಜನರ ನಾಡು. ಕೌಂಟಿಯ ಕೇಂದ್ರ ವೋಟೆ ಎಂಬ ಪಟ್ಟಣ. ವರ್ಷಕ್ಕೆ ಎರಡು ಮಳೆಗಾಲ: ಮಾರ್ಚಿನಿಂದ ಮೇವರೆಗೆ ದೊಡ್ಡ ಮಳೆ, ಅಕ್ಟೋಬರಿನಿಂದ ಡಿಸೆಂಬರುವರೆಗೆ ಸಣ್ಣ ಮಳೆ. ನಂಬುವುದಾದರೆ ಸಣ್ಣದನ್ನೇ ನಂಬಬೇಕು ಎನ್ನುತ್ತಾರೆ ಅಲ್ಲಿಯ ರೈತರು.

ನಾನು ಹಿರಿಯೂರು ತಾಲ್ಲೂಕಿನವಳು. ಬೇಸಗೆಯಲ್ಲಿ ವೇದಾವತಿಯ ಮರಳಿನಲ್ಲಿ ಚಿಲುಮೆ ತೋಡಿ, ಚಿಪ್ಪಿನಲ್ಲಿ ಮೊಗೆದು ಕೊಡ ತುಂಬುತ್ತಿದ್ದುದನ್ನು ಕಂಡು ಬೆಳೆದವಳು. ಆದ್ದರಿಂದ ಮಕುವೇನಿಯ ಮರಳುಕಟ್ಟೆಗಳು ನನಗೆ ಹೊಸದೆನಿಸಲಿಲ್ಲ. ಮಳೆಗಾಲದಲ್ಲಷ್ಟೇ ಹರಿಯುವ ಹಳ್ಳಕ್ಕೆ ಅಡ್ಡಲಾಗಿ, ತಳದ ಬಂಡೆಯ ಮೇಲೆ ಕಲ್ಲುಗಾರೆಯ ಗೋಡೆ ಕಟ್ಟುತ್ತಾರೆ. ಒಂದೆರಡು ಮಳೆಗಾಲ, ಕೆಲವೊಮ್ಮೆ ಇನ್ನೂ ಹೆಚ್ಚು ಕಳೆಯುವಷ್ಟರಲ್ಲಿ ಗೋಡೆಯ ಹಿಂದೆ ಮರಳು ತುಂಬಿಕೊಳ್ಳುತ್ತದೆ. ಕೆರೆಯಲ್ಲಿ ಹೂಳು ತುಂಬಿದರೆ ನಾವು ಅಳುತ್ತೇವೆ. ಇಲ್ಲಿ ಮರಳು ತುಂಬಲೆಂದೇ ಕಟ್ಟುವುದು. ತುಂಬಿದ ಮರಳಿನ ಗಾತ್ರದ ನೂರಕ್ಕೆ 25ರಿಂದ 40ರಷ್ಟು ನೀರು ಕಣಗಳ ನಡುವೆ ನಿಲ್ಲುತ್ತದೆ. ಬಿಸಿಲಿಗೆ ಆರುವುದು ಕಡಿಮೆ, ಸೊಳ್ಳೆ ಮೊಟ್ಟೆಯಿಡುವುದಿಲ್ಲ, ದನ ಇಳಿದು ಕದಡುವುದಿಲ್ಲ. ಕಲ್ಲು ಹೊರುವವರು ಊರಿನವರು, ಅವರಲ್ಲಿ ಹೆಚ್ಚಿನವರು ಹೆಂಗಸರು. ಕಂಬಾ ಭಾಷೆಯಲ್ಲಿ ಇಂಥ ಕೂಡುಕೆಲಸಕ್ಕೆ ‘ಮ್ವೆಥ್ಯ’ ಎಂಬ ಹೆಸರಿದೆ, ನಮ್ಮ ಮುಯ್ಯಾಳು. ನಮ್ಮ ಯೋಜನೆಯ ಕಡತದಲ್ಲಿ ಅದರ ಹೆಸರು ‘ಫಲಾನುಭವಿಗಳ ವಂತಿಕೆ’.

ತಿಂಗಳಲ್ಲಿ ಮೂರು ವಾರ ನೈರೋಬಿ, ಒಂದು ವಾರ ಮಕುವೇನಿ. ಎಂದರೆ ಹಳ್ಳಿಯ ಅಭಿವೃದ್ಧಿಯ ಮುಕ್ಕಾಲು ಪಾಲು ನಗರದಲ್ಲೇ ನಡೆಯುತ್ತಿತ್ತು. ಬಂದ ಮೊದಲ ದಿನ ನನಗೊಂದು ಭದ್ರತಾ ಕೈಪಿಡಿ ಕೊಟ್ಟರು. ಸಂಜೆ ಆರರ ಮೇಲೆ ನಡೆದಾಡಕೂಡದು. ಮಟಾಟು ಹತ್ತಕೂಡದು, ಮಟಾಟು ಎಂದರೆ ಬಣ್ಣ ಬಳಿದು ಹಾಡು ಹಾಕಿಕೊಂಡು ಓಡುವ ಬಾಡಿಗೆ ವ್ಯಾನು, ನಗರದ ಎಷ್ಟೋ ಜನ ಕೆಲಸಕ್ಕೆ ಹೋಗುವುದೇ ಅದರಲ್ಲಿ. ವಾಸದ ಮನೆಗೆ ಕಬ್ಬಿಣದ ಗೇಟು, ಕಾವಲುಗಾರ, ಗೋಡೆಯ ಮೇಲೆ ವಿದ್ಯುತ್ ತಂತಿ ಇರಲೇಬೇಕು. ನನ್ನೊಡನೆ ಅದೇ ಕೆಲಸ ಮಾಡುತ್ತಿದ್ದ, ನನಗಿಂತ ಹೆಚ್ಚು ಅನುಭವವಿದ್ದ ಕೀನ್ಯಾದ ಸಹೋದ್ಯೋಗಿಯ ಸಂಬಳದ ಚೀಟಿ ಒಮ್ಮೆ ತಪ್ಪಿ ನನ್ನ ಮೇಜಿಗೆ ಬಂತು. ನನ್ನ ಮನೆಬಾಡಿಗೆಯ ಭತ್ಯೆಯೇ ಅದಕ್ಕಿಂತ ಹೆಚ್ಚಿತ್ತು. ಮೇಲಿನವರಿಗೊಂದು ಪತ್ರ ಬರೆದೆ. ಬಹಳ ಸೌಜನ್ಯದ ಉತ್ತರ ಬಂತು. ಮತ್ತೆ ಬರೆಯಲಿಲ್ಲ. ಈ ‘ಮತ್ತೆ ಬರೆಯಲಿಲ್ಲ’ ಎಂಬುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಮನೆ ಸಿಕ್ಕಿದ್ದು ಪಾರ್ಕ್‌ಲ್ಯಾಂಡ್ಸಿನಲ್ಲಿ, ಬಹುಕಾಲದಿಂದ ಭಾರತೀಯ ಮೂಲದವರು ನೆಲೆಸಿರುವ ಬಡಾವಣೆಯಲ್ಲಿ. ಅಂಗಡಿಯಲ್ಲಿ ಗುಜರಾತಿ, ಬೀದಿಯಲ್ಲಿ ಸ್ವಾಹಿಲಿ, ಕಚೇರಿಯಲ್ಲಿ ಇಂಗ್ಲಿಷ್. ಕನ್ನಡ ಫೋನಿನಲ್ಲಿ ಮಾತ್ರ. ಸ್ವಾಹಿಲಿ ಕಲಿಯುವಾಗ ನನಗಾದ ಸಂತೋಷ ಹೇಳತೀರದು. ದುಕಾ ಎಂದರೆ ಅಂಗಡಿ, ಗಾರಿ ಎಂದರೆ ಗಾಡಿ, ಪೆಸಾ ಎಂದರೆ ದುಡ್ಡು, ಹೆಸಾಬು ಎಂದರೆ ಲೆಕ್ಕ, ವಕೀಲಿ ಎಂದರೆ ವಕೀಲ. ಆದರೆ ಕಾಕಾ ಎಂದರೆ ಚಿಕ್ಕಪ್ಪನಲ್ಲ, ಅಣ್ಣ ಅಥವಾ ತಮ್ಮ. ದಾದಾ ಎಂದರೆ ಅಕ್ಕ. ಧಾರವಾಡದಲ್ಲಿ ಓದಿದವಳಾದ ನನಗೆ ಮಾರುಕಟ್ಟೆಯಲ್ಲಿ ‘ದಾದಾ, ದಾದಾ’ ಎಂದು ಕೂಗಿದರೆ ಹಿಂದೆ ಯಾವನೋ ಪುಂಡ ನಿಂತಿದ್ದಾನೆಂದು ತಿರುಗಿ ನೋಡುವಂತಾಗುತ್ತಿತ್ತು.

ಭಾಷೆಯಿಂದ ಕಷ್ಟವೂ ಆಯಿತು. ಮೊದಲ ಸಮೀಕ್ಷೆಯಲ್ಲಿ, ನೀರಿಗೆ ಮನೆಯಿಂದ ಹೊರಡುವುದು ಎಷ್ಟು ಹೊತ್ತಿಗೆ ಎಂದು ಕೇಳಿದ್ದೆವು. ಹೆಂಗಸರೆಲ್ಲ ರಾತ್ರಿ ಹತ್ತು–ಹನ್ನೊಂದಕ್ಕೆ ಹೊರಡುತ್ತಾರೆಂದು ಅಂಕಿಅಂಶ ಬಂತು. ಗಾಬರಿಯಾಗಿ ಅದರ ಮೇಲೊಂದು ಟಿಪ್ಪಣಿಯನ್ನೂ ಬರೆದೆ. ಸ್ವಾಹಿಲಿಯಲ್ಲಿ ಹೊತ್ತನ್ನು ಎಣಿಸುವುದು ಸೂರ್ಯೋದಯ, ಸೂರ್ಯಾಸ್ತಗಳಿಂದ. ಬೆಳಗಿನ ಏಳು ಗಂಟೆ ಅವರಿಗೆ ಒಂದು ಗಂಟೆ. ರಾತ್ರಿಯ ಹತ್ತು ಎಂದರೆ ನಮ್ಮ ಬೆಳಗಿನ ಜಾವದ ನಾಲ್ಕು. ಸಹೋದ್ಯೋಗಿ ನಕ್ಕು ಹೇಳದಿದ್ದರೆ ಆ ಟಿಪ್ಪಣಿ ಅಚ್ಚಾಗುತ್ತಿತ್ತು. ಗಳಿಗೆ ಲೆಕ್ಕದಲ್ಲಿ ಹುಟ್ಟಿದ ಹೊತ್ತು ಬರೆಸಿಕೊಂಡ ಮನೆಯವಳಿಗೆ ಇದು ಹೊಳೆಯಬೇಕಿತ್ತು.

ಮನೆಗೆ ವಾರಕ್ಕೆ ಮೂರು ದಿನ ಒಬ್ಬ ಹೆಂಗಸು ಬರುತ್ತಿದ್ದರು. ಮನೆಮನೆಗೆ ಹೋಗಿ ಬಟ್ಟೆ ಒಗೆದು ಕೊಡುವವರನ್ನು ನೈರೋಬಿಯಲ್ಲಿ ‘ಮಾಮಾ ಫುವಾ’ ಎನ್ನುತ್ತಾರೆ. ಫುವಾ ಎಂದರೆ ಒಗೆ. ಇವರು ಒಗೆತದ ಜೊತೆಗೆ ನೆಲ ಒರೆಸಿ, ಪಾತ್ರೆ ತೊಳೆದು ಹೋಗುತ್ತಿದ್ದರು. ನನಗಿಂತ ಐದಾರು ವರ್ಷ ದೊಡ್ಡವರು. ಮಥಾರೆಯಿಂದ ನಡೆದು ಬರುತ್ತಿದ್ದರು. ಅವರ ಹೆಸರನ್ನು ನಾನು ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ಅವರ ಬಗ್ಗೆ ಮಾತಾಡುವಾಗ ತೊಂದರೆಯಿರಲಿಲ್ಲ. ಕನ್ನಡದಲ್ಲಿ ಅಮ್ಮನಿಗೆ ಫೋನು ಮಾಡಿದಾಗ ಮಾತ್ರ, ಅವಳೋ ಅವರೋ ಎಂದು ಪ್ರತಿ ವಾಕ್ಯದ ಕೊನೆಗೂ ತೀರ್ಮಾನಿಸಬೇಕಿತ್ತು. ಮೊದಲ ಎಂಟು ತಿಂಗಳು ನಾನು ‘ಕೆಲಸದವಳು ಬಂದಳು, ಹೋದಳು’ ಎಂದೇ ಹೇಳಿದೆ. ‘ಒಳಗೆ ಬಿಟ್ಕೋತೀಯಾ?’ ಎಂದು ಅಮ್ಮ ಕೇಳಿದರು. ‘ಇಲ್ಲಿ ಅದೆಲ್ಲಾ ಇಲ್ಲಮ್ಮ’ ಎಂದು ರೇಗಿದೆ.

ಅದೆಲ್ಲಾ ಇತ್ತು. ಕೀನ್ಯಾದಲ್ಲಿ ಚಹಾ ನಮ್ಮಂತೆಯೇ, ಹಾಲು ಬೆರೆಸಿ ಕುದಿಸಿದ್ದು. ನಾವಿಬ್ಬರೂ ಹನ್ನೊಂದಕ್ಕೆ ಚಹಾ ಕುಡಿಯುತ್ತಿದ್ದೆವು. ಬಹಳ ದಿನದ ಮೇಲೆ ನನ್ನ ಗಮನಕ್ಕೆ ಬಂದದ್ದೇನೆಂದರೆ, ಅವರು ಯಾವಾಗಲೂ ಒಂದೇ ಲೋಟದಲ್ಲಿ ಕುಡಿಯುತ್ತಿದ್ದರು. ಅಂಚು ಕಿತ್ತುಹೋದ ಎನಾಮೆಲ್ ಲೋಟ. ಕುಡಿದು, ತೊಳೆದು, ಸಿಂಕಿನ ಕೆಳಗೆ ಸಾಬೂನಿನ ಡಬ್ಬದ ಪಕ್ಕ ಇಡುತ್ತಿದ್ದರು. ಆ ಲೋಟ ನನ್ನದಲ್ಲ. ಅವರು ಬರುವಾಗಲೇ ತಂದದ್ದು. ಹದಿನೈದು ವರ್ಷ ಮುಹಿಂದಿಗಳ ಮನೆಗಳಲ್ಲಿ ದುಡಿದವರು. ಮುಹಿಂದಿ ಎಂದರೆ ಭಾರತೀಯ. ಹೊಸ ಮನೆಗೆ ಸೇರುವಾಗ ತಮ್ಮ ಲೋಟ ತಾವೇ ಒಯ್ಯಬೇಕೆಂದು ಕಲಿತಿದ್ದರು. ಧಾರವಾಡದ ಹಾಸ್ಟೆಲಿನಲ್ಲಿದ್ದಾಗ ಹೋಟೆಲುಗಳ ಎರಡು ಲೋಟ ಪದ್ಧತಿಯ ವಿರುದ್ಧ ಕರಪತ್ರ ಹಂಚಿದವಳು ನಾನು. ಹಾಗೆ ಹಂಚಿದವಳ ಸಿಂಕಿನ ಕೆಳಗೆ ಆ ಎರಡನೆಯ ಲೋಟ ಎಂಟು ತಿಂಗಳು ಇತ್ತು. ಅದನ್ನು ನಾನು ಇಡಲಿಲ್ಲ ನಿಜ, ನೋಡಲೂ ಇಲ್ಲ.

ಇಲ್ಲಿ ಸ್ವಲ್ಪ ಇತಿಹಾಸ ಹೇಳಬೇಕು. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ಬ್ರಿಟಿಷರು ರೈಲುದಾರಿ ಹಾಕಿದಾಗ ಭಾರತದಿಂದ ಸುಮಾರು 32,000 ಕೂಲಿಗಳನ್ನು ಒಯ್ದರು. ಸುಮಾರು 2,500 ಮಂದಿ ಸತ್ತರು. ನೈರೋಬಿ ಹುಟ್ಟಿದ್ದೇ 1899ರಲ್ಲಿ ಆ ರೈಲಿನ ತಂಗುದಾಣವಾಗಿ. ಕೂಲಿಗಳಲ್ಲಿ ಹೆಚ್ಚಿನವರು ಮರಳಿದರು. ಉಳಿದವರ ಜೊತೆಗೆ ಅಂಗಡಿಕಾರರು, ಗುಮಾಸ್ತರು ಬಂದು ಸೇರಿದರು. ಮೇಲೆ ಬಿಳಿಯ, ಕೆಳಗೆ ಕರಿಯ, ನಡುವಿನ ಮೆಟ್ಟಿಲಲ್ಲಿ ಭಾರತೀಯ. ಎತ್ತರದ ಫಲವತ್ತಾದ ಭೂಮಿಯನ್ನು ಭಾರತೀಯರಿಗೂ ಕೊಡಲಿಲ್ಲ. ಆ ಅನ್ಯಾಯವನ್ನು ನಮ್ಮವರು ಚೆನ್ನಾಗಿ ನೆನಪಿಟ್ಟುಕೊಂಡಿದ್ದಾರೆ; ಮೆಟ್ಟಿಲಿನ ಅನುಕೂಲವನ್ನು ಅಷ್ಟಾಗಿ ನೆನೆಯುವುದಿಲ್ಲ. 2017ರ ಜುಲೈಯಲ್ಲಿ ಚುನಾವಣೆಗೆ ಮುನ್ನ ಕೀನ್ಯಾ ಸರ್ಕಾರ ಏಷ್ಯಾ ಮೂಲದವರನ್ನು ದೇಶದ 44ನೆಯ ಬುಡಕಟ್ಟು ಎಂದು ಅಧಿಕೃತವಾಗಿ ಮಾನ್ಯಮಾಡಿತು. ಪಾರ್ಕ್‌ಲ್ಯಾಂಡ್ಸಿನಲ್ಲಿ ಸಿಹಿ ಹಂಚಿದರು. ನಮ್ಮ ಮನೆಗೆ ಬರುತ್ತಿದ್ದವರಿಗೂ ಒಂದು ಪೊಟ್ಟಣ ಸಿಕ್ಕಿತು. ‘ಬುಡಕಟ್ಟೆಂದರೆ ನಿಮ್ಮೂರು ಯಾವುದು, ನಿಮ್ಮ ಹಿರಿಯರನ್ನು ಎಲ್ಲಿ ಹೂಳಿದ್ದೀರಿ ಎಂದು ಕೇಳುತ್ತಾರೆ. ನೀವು ಏನು ಹೇಳುತ್ತೀರಿ?’ ಎಂದು ಅವರು ಕೇಳಿದರು. ನಾವು ಸುಡುತ್ತೇವೆ ಎಂದೆ. ಬಹಳ ಹೊತ್ತು ನಕ್ಕರು.

ಅವರು ಮಕುವೇನಿಯವರೆಂದು ನನಗೆ ಗೊತ್ತಾದದ್ದು ಅದಕ್ಕೂ ಸ್ವಲ್ಪ ಮುಂಚೆ, 2017ರ ಜೂನಿನಲ್ಲಿ. ಕಟ್ಟೆಗಳನ್ನು ಗುರುತಿಸಿದ ದೊಡ್ಡ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡಿದ್ದೆ. ಮೇಜು ಒರೆಸಲು ಬಂದವರು ಬಟ್ಟೆಯನ್ನು ಕೈಯಲ್ಲೇ ಹಿಡಿದು ನಿಂತರು. ಆಮೇಲೆ ಬೆರಳಿಟ್ಟು, ‘ಈ ಹಳ್ಳದ ಹೆಸರು ತಪ್ಪು ಬರೆದಿದ್ದೀರಿ’ ಎಂದರು. ತಪ್ಪೇ ಆಗಿತ್ತು, ಪಕ್ಕದ ಊರಿನ ಹೆಸರನ್ನು ಹಳ್ಳಕ್ಕೆ ಕೊಟ್ಟಿದ್ದೆವು. ಆ ಹಳ್ಳದ ಕಟ್ಟೆಗೆ ಅವರು ಕಲ್ಲು ಹೊತ್ತಿದ್ದರು. ರಜೆ ಹಾಕಿ ಊರಿಗೆ ಹೋದಾಗ ನಾಲ್ಕು ದಿನ, ಗಂಡನ ತಾಯಿಗೆ ಮಂಡಿನೋವೆಂದು ಅವರ ಸರದಿಯಲ್ಲಿ. ನಮ್ಮ ಕಡತದ ‘ಫಲಾನುಭವಿಗಳ ವಂತಿಕೆ’ ಎಂಬ ಕಲಮಿನ ನಾಲ್ಕು ದಿನ ನನ್ನ ಅಡುಗೆಮನೆಯಲ್ಲಿ ನಿಂತು ನನ್ನನ್ನು ತಿದ್ದುತ್ತಿತ್ತು. ಆ ನಾಲ್ಕು ದಿನದ ಕೂಲಿಯನ್ನು ನಾನು ಹಿಡಿದುಕೊಂಡಿದ್ದೆ ಕೂಡ. ಬರದ ದಿನಕ್ಕೆ ಕೂಲಿಯಿಲ್ಲ ಎಂಬುದು ಬಡಾವಣೆಯ ರೂಢಿ, ನಾನೂ ಅದನ್ನೇ ಪಾಲಿಸಿದ್ದೆ. ಎಂಟು ತಿಂಗಳು ಮಕುವೇನಿಯ ಹೆಂಗಸರ ದಿನಚರಿಯನ್ನು ಗಂಟೆಗಂಟೆಗೆ ದಾಖಲಿಸಿದವಳು, ನಿಮ್ಮೂರು ಯಾವುದು ಎಂದು ಮನೆಗೆ ಬರುವವರನ್ನು ಒಮ್ಮೆಯೂ ಕೇಳಿರಲಿಲ್ಲ.

ಅಂದಿನಿಂದ ಮಾತು ಬೆಳೆಯಿತು. ಅದು ಬರದ ವರ್ಷ. ಫೆಬ್ರವರಿಯಲ್ಲೇ ಸರ್ಕಾರ ಬರವನ್ನು ರಾಷ್ಟ್ರೀಯ ವಿಪತ್ತೆಂದು ಘೋಷಿಸಿತ್ತು. ಮೆಕ್ಕೆಜೋಳದ ಹಿಟ್ಟು ಸಿಗದೆ, ಕೊನೆಗೆ ಎರಡು ಕಿಲೋಗೆ 90 ಶಿಲಿಂಗಿನ ಸಹಾಯಧನದ ಹಿಟ್ಟಿಗೆ ಸಾಲು ನಿಲ್ಲುತ್ತಿದ್ದರು. ಅದರಿಂದ ಮಾಡುವ ಉಗಾಲಿ ನಮ್ಮ ಮುದ್ದೆಯೇ, ಬಣ್ಣ ಬಿಳಿ ಅಷ್ಟೆ. ನಮ್ಮ ರಾಗಿಯ ತವರು ಪೂರ್ವ ಆಫ್ರಿಕ. ಅಲ್ಲಿ ಅದಕ್ಕೆ ವಿಂಬಿ ಎನ್ನುತ್ತಾರೆ, ಅಂಬಲಿಗೆ ಉಜಿ. ವಸಾಹತು ಕಾಲದಲ್ಲಿ ಮೆಕ್ಕೆಜೋಳ ಬಂದು ರಾಗಿ, ಜೋಳಗಳನ್ನು ಬದಿಗೆ ಸರಿಸಿತು. ನೈರೋಬಿಯಲ್ಲಿ ಆ ವರ್ಷದ ಜನವರಿಯಿಂದ ನೀರಿಗೂ ಸರದಿ. ನಮ್ಮ ಕಟ್ಟಡಕ್ಕೆ ಕೊಳವೆಬಾವಿಯಿತ್ತು, ಟ್ಯಾಂಕರು ಬರುತ್ತಿತ್ತು. ನಾನು ಸ್ನಾನ ತಪ್ಪಿಸಲಿಲ್ಲ. ಅವರು 20 ಲೀಟರಿನ ಜೆರಿಕ್ಯಾನಿನಲ್ಲಿ ಕೊಳ್ಳುತ್ತಿದ್ದರು, ಲೀಟರಿಗೆ ಲೀಟರು ಲೆಕ್ಕ ಹಾಕಿದರೆ ನನಗಿಂತ ಎಷ್ಟೋ ಪಟ್ಟು ಹೆಚ್ಚು ಕೊಟ್ಟು. ನಾನು ಎಂ-ಪೆಸಾದಲ್ಲಿ ಕೂಲಿ ಕಳಿಸಿದ ಹತ್ತು ನಿಮಿಷಕ್ಕೆ ಅದರಲ್ಲಿ ಅರ್ಧ ಮಕುವೇನಿಗೆ ಹೋಗಿರುತ್ತಿತ್ತು.

ಈಗ ತೊಗರಿ. ಮಕುವೇನಿ, ಮಚಾಕೋಸ್, ಕಿಟುಯಿ, ಇವು ಮೂರೂ ಕೀನ್ಯಾದ ತೊಗರಿ ಸೀಮೆ. ಸ್ವಾಹಿಲಿಯಲ್ಲಿ ತೊಗರಿಗೆ ಮ್ಬಾಜಿ ಎನ್ನುತ್ತಾರೆ. ಅಲ್ಲಿಯ ಮನೆಗಳಲ್ಲಿ ಹಸಿಕಾಳನ್ನೋ ಒಣಗಿದ ಇಡೀ ಕಾಳನ್ನೋ ಮೆಕ್ಕೆಜೋಳದೊಡನೆ ಬೇಯಿಸಿ ತಿನ್ನುತ್ತಾರೆ. ಒಡೆದು ಬೇಳೆ ಮಾಡುವುದು ನಮ್ಮ ಅಭ್ಯಾಸ. ಮಿಕ್ಕ ಕಾಳನ್ನು ವ್ಯಾಪಾರಿ ಬಂದು ಕೊಂಡೊಯ್ಯುತ್ತಾನೆ, ಅದು ಹಡಗು ಹತ್ತಿ ಭಾರತಕ್ಕೆ ಹೋಗುತ್ತದೆ. ಅಕ್ಟೋಬರಿನ ಸಣ್ಣ ಮಳೆಗೆ ಬಿತ್ತಿದ ದೀರ್ಘಾವಧಿ ತೊಗರಿ ಮರುವರ್ಷ ಆಗಸ್ಟ್–ಸೆಪ್ಟೆಂಬರಿಗೆ ಕೊಯ್ಲಿಗೆ ಬರುತ್ತದೆ. ಮೆಕ್ಕೆಜೋಳ ಒಣಗಿಹೋದ ವರ್ಷವೂ ಅಷ್ಟಿಷ್ಟಾದರೂ ಕೈಗೆ ಸಿಗುವ ದುಡ್ಡು ಅದು. ಆ ದುಡ್ಡಿನಲ್ಲಿ ಜನವರಿಯ ಶಾಲಾ ಶುಲ್ಕ.

ಇನ್ನೊಂದು ತುದಿಯನ್ನು ನೀವು ಬಲ್ಲಿರಿ. 2015ರ ಅಕ್ಟೋಬರಿನಲ್ಲಿ ಭಾರತದಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಸರ್ಕಾರ ಬೆಳೆಯಿರಿ ಎಂದಿತು. ಹೊರಗಿನಿಂದ ತರಲು 2016ರ ಜುಲೈಯಲ್ಲಿ ಮೊಜಾಂಬಿಕ್‌ನೊಡನೆ ಒಪ್ಪಂದವನ್ನೂ ಮಾಡಿಕೊಂಡಿತು. ರೈತರು ಬೆಳೆದರು. 2016–17ರಲ್ಲಿ ದೇಶದ ತೊಗರಿ ಉತ್ಪಾದನೆ ಹಿಂದಿನ ವರ್ಷದ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಕಲಬುರಗಿಯಲ್ಲಿ ಬೆಲೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ಖರೀದಿ ಕೇಂದ್ರಗಳ ಮುಂದೆ ಗಾಡಿಗಳು ದಿನಗಟ್ಟಲೆ ನಿಂತವು, ಗೋಣಿಚೀಲವಿಲ್ಲವೆಂದು ಖರೀದಿ ನಿಂತಿತು. ಆಗ ಹೊರದೇಶಗಳಲ್ಲಿರುವ ಕೆಲವು ಕನ್ನಡ ಸಂಶೋಧಕರು ಸೇರಿ ಒಂದು ಮನವಿ ಸಿದ್ಧಪಡಿಸಿದೆವು: ಆಮದನ್ನು ಕೂಡಲೇ ನಿಲ್ಲಿಸಬೇಕು. ಈ ಸಭೆಯಲ್ಲಿರುವ ಕೆಲವರೂ ಅದಕ್ಕೆ ಸಹಿ ಹಾಕಿದ್ದೀರಿ. ಕರಡು ತಿದ್ದಿದವಳು ನಾನು. ‘ಆಫ್ರಿಕದ ಅಗ್ಗದ ತೊಗರಿ’ ಎಂಬ ಮಾತು ನನ್ನದು. ಅದನ್ನು ಬರೆದದ್ದು 2017ರ ಏಪ್ರಿಲಿನಲ್ಲಿ, ಪಾರ್ಕ್‌ಲ್ಯಾಂಡ್ಸಿನ ಅದೇ ಊಟದ ಮೇಜಿನ ಮೇಲೆ, ಪಕ್ಕದ ಕೋಣೆಯಲ್ಲಿ ಅವರು ನೆಲ ಒರೆಸುತ್ತಿರುವಾಗ.

2017ರ ಆಗಸ್ಟ್ 5ರಂದು ಭಾರತ ಸರ್ಕಾರ ತೊಗರಿ ಆಮದಿಗೆ ಮಿತಿ ಹಾಕಿತು, ವರ್ಷಕ್ಕೆ 2 ಲಕ್ಷ ಟನ್. ನಮ್ಮ ಮನವಿಯಿಂದಲೇ ಹಾಗಾಯಿತೆಂದು ಹೇಳುವಷ್ಟು ಹುಚ್ಚು ನನಗಿಲ್ಲ. ಆದರೆ ಆ ಸುದ್ದಿ ಓದಿ ಹಿಗ್ಗಿದೆ. ಓದಿದ್ದು ಕಿಗಾಲಿಯ ಹೋಟೆಲಿನಲ್ಲಿ. ಆಗಸ್ಟ್ 8ಕ್ಕೆ ಕೀನ್ಯಾದ ಚುನಾವಣೆ. ಗಲಭೆಯಾದೀತೆಂದು ಹೊರದೇಶದ ಸಿಬ್ಬಂದಿಯನ್ನೆಲ್ಲ ಸಂಸ್ಥೆ ಎರಡು ವಾರ ರುವಾಂಡಾಕ್ಕೆ ಸಾಗಿಸಿತ್ತು. ಕೀನ್ಯಾದ ಸಿಬ್ಬಂದಿ ಕೀನ್ಯಾದಲ್ಲೇ ಇದ್ದರು. ಫಲಿತಾಂಶದ ಮರುದಿನ ಮಥಾರೆಯಲ್ಲಿ ಮನೆಯ ಬಾಲ್ಕನಿಯಲ್ಲಿದ್ದ ಒಂಬತ್ತು ವರ್ಷದ ಹುಡುಗಿಯೊಬ್ಬಳು ಗುಂಡು ತಗುಲಿ ಸತ್ತಳು. ಆ ರಾತ್ರಿ ಅವರಿಗೆ ಫೋನು ಮಾಡಿದೆ. ‘ನಾವು ನೆಲಕ್ಕೆ ಮಲಗಿದ್ದೇವೆ, ಆಮೇಲೆ ಮಾಡಿ’ ಎಂದರು.

ಸೆಪ್ಟೆಂಬರ್ 1ರಂದು ಅಲ್ಲಿಯ ಸುಪ್ರೀಂ ಕೋರ್ಟು ಅಧ್ಯಕ್ಷೀಯ ಚುನಾವಣೆಯನ್ನೇ ರದ್ದುಮಾಡಿತು. ನ್ಯಾಯಾಲಯವೂ ಹೀಗೆ ಮಾಡಬಲ್ಲುದೇ ಎಂದು ನಗರವೆಲ್ಲ ಬೆರಗಾಗಿತ್ತು. ನಾಲ್ಕು ದಿನದ ಮೇಲೆ, ಸಂಜೆ ಆರರ ಹೊತ್ತಿಗೆ, ಬೆಂಗಳೂರಿನಿಂದ ಫೋನು ಬಂತು. ಗೌರಿ ಲಂಕೇಶರನ್ನು ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದಿದ್ದರು. ಇವರು ಹೊರಡುವ ಹೊತ್ತು. ನಾನು ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದೆ. ಏನಾಯಿತೆಂದು ಕೇಳಿದರು. ನನ್ನ ಸ್ವಾಹಿಲಿಯಲ್ಲಿ ಮಣ್ಣಿನ ಸವಕಳಿಗೆ ಪದವಿತ್ತು, ಅಂತರ್ಜಲಕ್ಕೆ ಪದವಿತ್ತು; ಇದಕ್ಕೆ ಇರಲಿಲ್ಲ. ಪತ್ರಕರ್ತೆ, ಕೊಂದರು, ಮನೆಯ ಮುಂದೆ ಎಂದೆ. ‘ಮ್ಸಾಂಡೋ ಹಾಗೆ’ ಎಂದರು. ಚುನಾವಣಾ ಆಯೋಗದ ತಂತ್ರಜ್ಞಾನ ಅಧಿಕಾರಿ ಕ್ರಿಸ್ ಮ್ಸಾಂಡೋ ಅವರ ಶವ ಜುಲೈ ಕೊನೆಯಲ್ಲಿ ನಗರದ ಹೊರವಲಯದಲ್ಲಿ ಸಿಕ್ಕಿತ್ತು. ಅವರು ಮತ್ತೇನೂ ಕೇಳದೆ ಚಹಾ ಕಾಸಿದರು. ಕಪಾಟಿನಿಂದ ಎರಡು ಪಿಂಗಾಣಿ ಬಟ್ಟಲು ತೆಗೆದು, ಒಂದನ್ನು ತಾವಿಟ್ಟುಕೊಂಡು ಎದುರಿಗೆ ಕುಳಿತರು. ಆ ಎನಾಮೆಲ್ ಲೋಟವನ್ನು ಬಿಡಿ ಎಂದು ನಾನು ಜೂನಿನಿಂದಲೂ ಹೇಳುತ್ತಿದ್ದೆ. ಬಿಟ್ಟದ್ದು ಅವತ್ತು.

ಅದರ ಮರುಭಾನುವಾರ ಮನೆಯ ಹತ್ತಿರದ ಸಿಟಿ ಪಾರ್ಕಿನ ಸ್ಮಶಾನಕ್ಕೆ ಹೋದೆ. ಅಲ್ಲಿ ಪಿಯೊ ಗಾಮಾ ಪಿಂಟೋ ಅವರ ಸಮಾಧಿಯಿದೆ. ಗೋವಾ ಮೂಲದ, ನೈರೋಬಿಯಲ್ಲಿ ಹುಟ್ಟಿದ ಸಮಾಜವಾದಿ; ಕೀನ್ಯಾದ ಬಿಡುಗಡೆಗಾಗಿ ವರ್ಷಗಟ್ಟಲೆ ಬಂಧನದಲ್ಲಿದ್ದವರು; ಸ್ವತಂತ್ರ ಕೀನ್ಯಾದಲ್ಲಿ ಭೂಮಿ ಯಾರ ಪಾಲಾಗುತ್ತಿದೆ ಎಂದು ಕೇಳಿದವರು. 1965ರ ಫೆಬ್ರವರಿ 24ರಂದು ಮನೆಯ ಗೇಟಿನ ಬಳಿ, ಕಾರಿನಲ್ಲಿ ಪುಟ್ಟ ಮಗಳು ಕುಳಿತಿದ್ದಂತೆಯೇ, ಅವರನ್ನು ಗುಂಡಿಟ್ಟು ಕೊಂದರು. ಹುಡುಗನಾಗಿದ್ದಾಗ ಓದಲು ಭಾರತಕ್ಕೆ ಕಳಿಸಿದ್ದರು. ಎರಡು ವರ್ಷ ವಿಜ್ಞಾನ ಓದಿದ್ದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ. ನಾನು ಧಾರವಾಡದಲ್ಲಿದ್ದ ಅಷ್ಟೂ ವರ್ಷ ಕೆಸಿಡಿ ವೃತ್ತವನ್ನು ಸೈಕಲ್ಲಿನಲ್ಲಿ ದಾಟಿದವಳು. ಅಲ್ಲಿ ಯಾರೂ ಆ ಹೆಸರು ಹೇಳಿದ್ದನ್ನು ಕೇಳಿರಲಿಲ್ಲ. ಕಲಬುರ್ಗಿಯವರನ್ನು 2015ರಲ್ಲಿ ಅವರ ಮನೆಬಾಗಿಲಲ್ಲೇ ಕೊಂದ ಊರೂ ಅದೇ. ನಡುವಿನ ಮೆಟ್ಟಿಲಿನಿಂದ ಇಳಿದು ಕೆಳಗಿನವರ ಜೊತೆ ನಿಂತ ಮುಹಿಂದಿಗಳೂ ಇದ್ದರು ಎಂಬುದಕ್ಕೆ ಆ ಸಮಾಧಿ ಸಾಕ್ಷಿ. ಮುಂದೆ ನನ್ನ ಭಾನುವಾರದ ನಡಿಗೆಯೆಲ್ಲ ಅಲ್ಲಿಗೇ.

ಸೆಪ್ಟೆಂಬರ್ ಕೊನೆಯಲ್ಲಿ ಇವರು ಊರಿಗೆ ಹೋಗಿ ಬಂದರು. ಆಗಸ್ಟ್ 28ರಿಂದ ದೇಶದಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧವಾಗಿತ್ತು; ಕತ್ತಾಳೆ ನಾರಿನ ಕಿಯೊಂಡೋ ಬುಟ್ಟಿಯಲ್ಲಿ ನನಗಾಗಿ ನಾಲ್ಕೈದು ಸೇರು ಮ್ಬಾಜಿ ತಂದಿದ್ದರು. ಎಷ್ಟಕ್ಕೆ ಮಾರಿದಿರಿ ಎಂದೆ. ಮಾರಲಿಲ್ಲ ಎಂದರು. ವ್ಯಾಪಾರಿ ಬಂದಿರಲಿಲ್ಲ. ಫೋನು ಮಾಡಿದರೆ ‘ಇಂಡಿಯಾ ಇಮೆಫುಂಗಾ’ ಎಂದನಂತೆ. ಇಂಡಿಯಾ ಬಾಗಿಲು ಹಾಕಿದೆ. ಆ ವರ್ಷ ತಾಂಜಾನಿಯಾ, ಮಲಾವಿ, ಮೊಜಾಂಬಿಕ್‌ಗಳಲ್ಲೂ ತೊಗರಿ ಬೆಲೆ ಕುಸಿಯಿತು; ಒಪ್ಪಂದವಿದ್ದ ದೇಶವೂ ಪಾರಾಗಲಿಲ್ಲ. ‘ಯಾಕೆ ಹಾಕಿದರು, ನಿಮಗೆ ಗೊತ್ತೇ?’ ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಮೂರು ವಾರ ಆ ಸುಳ್ಳಿನೊಡನೆ ಇದ್ದೆ. ಆಮೇಲೆ ಹೇಳಿದೆ. ಕಲಬುರಗಿ ಎಂಬ ಜಿಲ್ಲೆಯಿದೆ, ಅಲ್ಲಿ ಮಳೆ ನಿಮ್ಮಲ್ಲಿಯಂತೆಯೇ, ರೈತರು ಸಾಲಮಾಡಿ ಬೆಳೆದರು, ಬೆಲೆ ಬಿತ್ತು, ಕೆಲವರು ಪ್ರಾಣ ಕಳೆದುಕೊಂಡರು, ಬಾಗಿಲು ಹಾಕಿ ಎಂದು ಕೇಳಿದವರಲ್ಲಿ ನಾನೂ ಒಬ್ಬಳು ಎಂದು. ಅವರು ಸಿಟ್ಟಾಗಬಹುದು, ಅಳಬಹುದು, ಕೆಲಸ ಬಿಡಬಹುದು ಎಂದೆಲ್ಲ ಎಣಿಸಿದ್ದೆ. ಅವರು ಕೇಳಿದ್ದು ಒಂದೇ: ‘ಹಾಕಿದ ಮೇಲೆ ಅವರಿಗೆ ಬೆಲೆ ಬಂತೇ?’

ಬಂದಿರಲಿಲ್ಲ. 2017–18ರ ಬೆಂಬಲ ಬೆಲೆ 5,450 ರೂಪಾಯಿ. ಮಾರುಕಟ್ಟೆ ಆ ಹಂಗಾಮಿನಲ್ಲೂ ಅದರ ಕೆಳಗೇ ಇತ್ತು. ಇಲ್ಲ ಎಂದೆ. ‘ಹಾಗಾದರೆ ಬಾಗಿಲು ಹಾಕಿದ್ದರಿಂದ ಯಾರಿಗೆ ಆಯಿತು?’ ಎಂದರು. ಅರ್ಥಶಾಸ್ತ್ರದಲ್ಲಿ ಈ ಪ್ರಶ್ನೆಗೆ ಉತ್ತರಗಳಿವೆ, ನನಗೂ ಕೆಲವು ಗೊತ್ತು. ಎರಡು ವರ್ಷ ತೆರೆದು, ಒಂದು ರಾತ್ರಿ ಮುಚ್ಚಿ, ಮತ್ತೆ ತೆರೆಯುವ ಬಾಗಿಲಿನಿಂದ ದಾಸ್ತಾನು ಇಟ್ಟುಕೊಳ್ಳಬಲ್ಲವನಿಗೆ ಲಾಭ. ಬೆಳೆದವನಿಗೆ ಎರಡೂ ತುದಿಯಲ್ಲಿ ಇಲ್ಲ. ಕೇಳಬೇಕಾದದ್ದು ಬಾಗಿಲನ್ನಲ್ಲ, ಬೆಂಬಲ ಬೆಲೆಗೆ ಖಾತರಿಯ ಖರೀದಿಯನ್ನು. ಹೀಗೆಂದು ಕಲಬುರಗಿಯ ರೈತ ಮಿತ್ರರೊಬ್ಬರಿಗೆ ಫೋನಿನಲ್ಲಿ ವಿವರಿಸಿದೆ. ಅವರು ಸಾವಧಾನವಾಗಿ ಕೇಳಿ, ‘ಸರ್ಕಾರ ಖರೀದಿ ಮಾಡಂಗಿಲ್ಲ ಅಂತ ನಮಗೂ ಗೊತ್ತದ ರೀ. ಅದಕ್ಕೇ ಗೇಟರೆ ಹಾಕ್ರಿ ಅಂತೀವಿ’ ಎಂದರು. ಅವರ ಮಾತಿಗೂ ನನ್ನಲ್ಲಿ ಉತ್ತರವಿರಲಿಲ್ಲ. ಒಂದೇ ಬೆಳೆಯನ್ನು ಬೆಳೆದು ಒಂದೇ ವ್ಯಾಪಾರಕ್ಕೆ ಸಿಕ್ಕಿದ ಈ ಇಬ್ಬರೂ ಒಬ್ಬರನ್ನೊಬ್ಬರು ಬಲ್ಲದ್ದು ನನ್ನ ಮೂಲಕ ಮಾತ್ರ. ನನಗೋ ಇಬ್ಬರ ಭಾಷೆಯೂ ಅರ್ಧಮರ್ಧ.

ಡಿಸೆಂಬರಿನಲ್ಲಿ ಅವರೊಡನೆ ಊರಿಗೆ ಹೋದೆ, ಕೈಪಿಡಿಯನ್ನು ಮೀರಿ, ಮಟಾಟುವಿನಲ್ಲಿ. ನಗರದ ನಡುವಿನ ಮುಯಿಂಡಿ ಮ್ಬಿಂಗು ರಸ್ತೆಯನ್ನು ದಾಟುವಾಗ ಆ ಹೆಸರು ಯಾರದೆಂದು ಹೇಳಿದರು. 1938ರಲ್ಲಿ, ಮಣ್ಣು ಸವೆಯುತ್ತದೆಂಬ ಕಾರಣ ಕೊಟ್ಟು, ವಸಾಹತು ಸರ್ಕಾರ ಕಂಬಾ ಜನರ ದನಗಳನ್ನು ಬಲವಂತವಾಗಿ ಹಿಡಿದು ಮಾರಿತು. ಮ್ಬಿಂಗು ಅವರ ಮುಂದಾಳುತನದಲ್ಲಿ ಹೆಂಗಸರು ಮಕ್ಕಳು ಸಹಿತ ಜನ ನೈರೋಬಿಗೆ ನಡೆದು ಬಂದು, ಗವರ್ನರನನ್ನು ಕಾಣಬೇಕೆಂದು ವಾರಗಟ್ಟಲೆ ಬೀಡುಬಿಟ್ಟರು. ಅವರನ್ನು ಲಾಮು ದ್ವೀಪಕ್ಕೆ ಗಡೀಪಾರು ಮಾಡಿದರು. ಜನ ದನಗಳನ್ನು ಉಳಿಸಿಕೊಂಡರು. ಅದೇ ಬೀದಿಯ ಸಿಟಿ ಮಾರ್ಕೆಟಿನಲ್ಲಿ ಒಂದು ವರ್ಷ ತರಕಾರಿ ಕೊಂಡಿದ್ದೆ. ಮಣ್ಣಿನ ಸವಕಳಿಯ ಬಗ್ಗೆ ನನ್ನ ವರದಿಯಲ್ಲಿ ಇಡೀ ಒಂದು ಅಧ್ಯಾಯವಿದೆ, ಅದರಲ್ಲಿ ಈ ಹೆಸರಿಲ್ಲ.

ಊರಿನಲ್ಲಿ ಮೂರು ಚೀಲ ತೊಗರಿ ಗೋಡೆಗೊರಗಿ ನಿಂತಿದ್ದವು. ಒಂದಕ್ಕೆ ಹುಳು ಬಿದ್ದಿತ್ತು. ಗಂಡನ ತಾಯಿ ನನ್ನ ಕೈ ಹಿಡಿದು ಕಂಬಾ ಭಾಷೆಯಲ್ಲಿ ಏನೋ ಕೇಳಿದರು, ಸೊಸೆ ಸ್ವಾಹಿಲಿಗೆ ತಿರುಗಿಸಿದರು: ‘ನಿಮ್ಮ ದೇಶದವರು ಈಗ ಇದನ್ನು ತಿನ್ನುವುದಿಲ್ಲವಂತೆ, ಹೌದೇ?’ ತಿನ್ನುತ್ತಾರೆ ಎಂದೆ. ಆ ಸಂಜೆ ಆ ಕಾಳಲ್ಲೇ ಸಾರು ಮಾಡಿದೆ. ಬೇಳೆಯಾಗದ ಕಾಳು ಕರಗಲಿಲ್ಲ. ಯಾರಿಗೂ ರುಚಿಸಲಿಲ್ಲ, ಎಲ್ಲರೂ ತಿಂದರು. ಮರುದಿನ ಹಳ್ಳಕ್ಕೆ ಕರೆದೊಯ್ದರು. ಕಟ್ಟೆ ತುಂಬಿತ್ತು, ಮರಳಿನಲ್ಲಿ ಮೊಳಕೈ ಆಳ ತೋಡಿದರೆ ನೀರು. ನಮ್ಮ ಕೆಲಸ ವ್ಯರ್ಥವಾಗಿರಲಿಲ್ಲ ಎಂದು ಹೇಳಲು ನನಗೆ ಸಂಕೋಚವಿಲ್ಲ. ಕಟ್ಟೆಯ ಮೇಲಿನ ಫಲಕದಲ್ಲಿ ದಾನಿ ಸಂಸ್ಥೆಯ ಹೆಸರಿತ್ತು, ಹಳ್ಳದ ಹೆಸರು ತಪ್ಪಾಗಿತ್ತು. ಜನವರಿಯ ಶುಲ್ಕಕ್ಕೆ ಎರಡು ಆಡು ಮಾರಿದರು. ಹಿಡಿದುಕೊಂಡಿದ್ದ ನಾಲ್ಕು ದಿನದ ಕೂಲಿಯನ್ನು ನಾನು ಹಿಂತಿರುಗಿಸಿದೆ, ಎಣಿಸಿ ತೆಗೆದುಕೊಂಡರು.

2021ರ ಮೇ ತಿಂಗಳಲ್ಲಿ ಭಾರತ ತೊಗರಿ ಆಮದನ್ನು ಮತ್ತೆ ಮುಕ್ತಗೊಳಿಸಿತು. ಆ ವರ್ಷ ಅವರಿಂದ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು: ತೂಕದ ಕಲ್ಲು, ಚೀಲ, ಪಕ್ಕದಲ್ಲಿ ಮಗಳು ಕಾಲೇಜಿನ ಸಮವಸ್ತ್ರದಲ್ಲಿ. ಆಮೇಲೆ ಕೆಲವು ವರ್ಷ ಬಾಗಿಲು ತೆರೆದೇ ಇತ್ತು. ಸುಂಕವಿಲ್ಲದ ಆಮದನ್ನು 2025ರಲ್ಲಿ, 2026ರ ಮಾರ್ಚ್‌ವರೆಗೆ ವಿಸ್ತರಿಸಿದರು. 2025ರ ಆರಂಭದಲ್ಲಿ ಕಲಬುರಗಿಯ ಮಾರುಕಟ್ಟೆಯಲ್ಲಿ ತೊಗರಿ ಮತ್ತೆ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ಮತ್ತೆ ಒಂದು ಮನವಿ ಸಿದ್ಧವಾಗಿದೆ, ನಿಮ್ಮಲ್ಲಿ ಹಲವರಿಗೂ ಬಂದಿರಬಹುದು. ಮೊದಲ ಬೇಡಿಕೆ ಖಾತರಿಯ ಖರೀದಿ, ಎರಡನೆಯದು ಆಮದು ನಿಷೇಧ. ಎರಡನೆಯ ಪ್ಯಾರಾದಲ್ಲಿ ನನ್ನ ಹಳೆಯ ಮಾತು ಹಾಗೆಯೇ ಉಳಿದಿದೆ. ಅದನ್ನು ಹೊಡೆದು ಹಾಕಿ ಕರಡನ್ನು ವಾಪಸು ಕಳಿಸಿದ್ದೇನೆ. ಎರಡನೆಯ ಬೇಡಿಕೆಯ ಬಗ್ಗೆ ಏನು ಬರೆಯಬೇಕೆಂದು ತಿಳಿಯದೆ, ಆ ಸಾಲಿನ ಪಕ್ಕದಲ್ಲಿ ಕಲಬುರಗಿಯ ಮಿತ್ರರ ಫೋನ್ ನಂಬರನ್ನೂ, ಅವರ ಅನುಮತಿ ಪಡೆದು ಮಕುವೇನಿಯವರ ನಂಬರನ್ನೂ ಬರೆದಿದ್ದೇನೆ. ನಡುವೆ ಮಾತು ತಿರುಗಿಸಲು ನಾನು ಸಿದ್ಧ ಎಂದೂ ಸೇರಿಸಿದ್ದೇನೆ. ಈವರೆಗೆ ಯಾರೂ ಕರೆದಿಲ್ಲ.